ಹೆರಿಗೆಗೆ ಆಸ್ಪತ್ರೆಗೆ ಹೊರಟವರಿಗೆ: ದಿನ ತುಂಬಿದಲ್ಲಿಂದ ಮಗು ಮನೆ ಸೇರುವವರೆಗೆ

ಕರ್ನಾಟಕದಲ್ಲಿ ಈಗ ನೂರಕ್ಕೆ ಸುಮಾರು 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಆದರೂ ಲೇಬರ್ ವಾರ್ಡಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಚೊಚ್ಚಲ ಬಸುರಿಗೆ ಕೂರಿಸಿಕೊಂಡು ಹೇಳುವವರು ಕಡಿಮೆ. ಈಗಾಗಲೇ ಹೆತ್ತ ಹೆಂಗಸರು "ಆ ನೋವೆಲ್ಲ ಮರೆತುಹೋಗುತ್ತೆ ಬಿಡು" ಅನ್ನುತ್ತಾರೆ. ಡಾಕ್ಟರಿಗೆ ಪುರುಸೊತ್ತಿಲ್ಲ. ಗಂಡನಿಗೆ ಕೇಳಲು ಮುಜುಗರ. ಬೇನೆ ಶುರುವಾದ ಮೇಲೆ ಕೇಳುವ ತ್ರಾಣ ಆಕೆಗಿರುವುದಿಲ್ಲ, ಹೇಳುವ ವ್ಯವಧಾನ ಸಿಬ್ಬಂದಿಗಿರುವುದಿಲ್ಲ. ಹಾಗಾಗಿ ಕೇಳಬೇಕಾದ್ದನ್ನೆಲ್ಲ ಒಂಬತ್ತು ತುಂಬುವ ಮೊದಲೇ ಕೇಳಿ ಮುಗಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗರ್ಭಿಣಿ, ಆಕೆಯ ಗಂಡ, ಜೊತೆಗೆ ಹೋಗುವ ಅಮ್ಮ ಅಥವಾ ಅತ್ತೆ, ಎಲ್ಲರೂ ಇದನ್ನು ಒಟ್ಟಿಗೆ ಓದಿದರೆ ಒಳ್ಳೆಯದು.

ಮೊದಲು ಯಾವ ಊರು ಎಂಬುದು ತೀರ್ಮಾನವಾಗಲಿ

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ರೂಢಿ. ಸೀಮಂತ ಮುಗಿಸಿ, ಕೈತುಂಬ ಹಸಿರು ಬಳೆ ತೊಡಿಸಿ, ಮಗಳನ್ನು ಕರೆದೊಯ್ಯುತ್ತಾರೆ. ಆ ಹೊತ್ತಿನಲ್ಲಿ ಅಮ್ಮ ಹತ್ತಿರವಿರುವ ಧೈರ್ಯ ದೊಡ್ಡದು, ಅದನ್ನು ಬೇಡವೆನ್ನಲು ನನಗೆ ಮನಸ್ಸಿಲ್ಲ. ತೊಡಕಿರುವುದು ಬೇರೆ ಕಡೆ. ಏಳೆಂಟು ತಿಂಗಳು ನೋಡಿದ ಡಾಕ್ಟರು ಒಂದೂರಲ್ಲಿ ಉಳಿಯುತ್ತಾರೆ, ಹೆರಿಗೆ ಮಾಡಿಸಬೇಕಾದವರು ಇನ್ನೊಂದೂರಲ್ಲಿ ಆಕೆಯನ್ನು ಮೊದಲ ಬಾರಿಗೆ ನೋಡುವುದು ನಡುರಾತ್ರಿ, ನೋವಿನ ನಡುವೆ. ಬಿಪಿ ಯಾವಾಗಿನಿಂದ ಏರಿದೆ, ಸ್ಕ್ಯಾನಿಂಗ್‌ನಲ್ಲಿ ಮಾಸು (ಪ್ಲಾಸೆಂಟಾ) ಎಲ್ಲಿತ್ತು, ರಕ್ತ ಎಷ್ಟಿತ್ತು ಎಂಬುದು ಅವರಿಗೆ ತಿಳಿಯುವುದು ಕಾಗದ ಇದ್ದರೆ ಮಾತ್ರ.

ಆದ್ದರಿಂದ ತವರಿಗೆ ಹೋಗುವುದಾದರೆ 34ರಿಂದ 36ನೇ ವಾರದೊಳಗೆ ಹೋಗಿ. ಹೋದ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಹೆಸರು ಬರೆಸಿ. ಅಲ್ಲಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿ, ಗಂಡನ ಊರಿನ ಆಶಾಗೂ ಹೇಳಿ ಹೊರಡಿ. ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ಕೈಯಲ್ಲಿರಲಿ. ಯಾವ ಸರ್ಕಾರಿ ಆಸ್ಪತ್ರೆಗೆ ಹೋದರೂ ಮೊದಲು ಕೇಳುವುದು ಅದನ್ನೇ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಹೊಸ ಊರಿನಲ್ಲಿ ಮೊದಲ ಬಾರಿ ತೋರಿಸಲು ಅದು ಅನುಕೂಲದ ದಿನ.

ಕೆಲವರಿಗೆ ಮಾತ್ರ ತವರಿನ ಆಸೆಯನ್ನು ಇನ್ನೊಮ್ಮೆ ಯೋಚಿಸಿ ಎನ್ನಬೇಕಾಗುತ್ತದೆ. ಬಿಪಿ ಅಥವಾ ಸಕ್ಕರೆ ಇರುವವರು, ಅವಳಿ ಮಕ್ಕಳಿರುವವರು, ಮೊದಲೊಮ್ಮೆ ಸಿಸೇರಿಯನ್ ಆದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು, ಮಗು ಅಡ್ಡ ಅಥವಾ ಕಾಲು ಕೆಳಗಾಗಿ ಇರುವವರು, ಹಿಮೋಗ್ಲೋಬಿನ್ ತೀರಾ ಇಳಿದವರು (7ಕ್ಕಿಂತ ಕಡಿಮೆಯಾದರೆ ಅದು ತೀವ್ರ ರಕ್ತಹೀನತೆ). ಇಂಥವರು ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಮಕ್ಕಳ ಡಾಕ್ಟರು ಮೂವರೂ ಇದ್ದು, ರಕ್ತವೂ ಸಿಗುವ ಆಸ್ಪತ್ರೆಗೆ ಹತ್ತಿರವಿರಬೇಕು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್‌ನಂಥ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ನೂಕುನುಗ್ಗಲು ಇರುವುದಕ್ಕೆ ಒಂದು ಕಾರಣವೇ ಇದು: ಸುತ್ತಲಿನ ಊರುಗಳಿಂದ ಕಷ್ಟದ ಕೇಸುಗಳು ಕೊನೇ ಗಳಿಗೆಯಲ್ಲಿ ಅಲ್ಲಿಗೆ ಬರುತ್ತವೆ. ಆ ಕೊನೇ ಗಳಿಗೆಯ ಓಟವನ್ನು ತಪ್ಪಿಸುವುದು ಎಷ್ಟೋ ಸಲ ಮನೆಯವರ ಕೈಯಲ್ಲೇ ಇರುತ್ತದೆ.

ರಕ್ತದ ಗುಂಪು ನೆಗೆಟಿವ್ ಆಗಿದ್ದು ಗಂಡನದು ಪಾಸಿಟಿವ್ ಆಗಿದ್ದರೆ ಅದನ್ನೂ ಮೊದಲೇ ಹೇಳಿ. ಮಗು ಪಾಸಿಟಿವ್ ಆದಲ್ಲಿ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಆಗಬೇಕು. ಮುಂದಿನ ಮಗುವಿನ ಕ್ಷೇಮ ಅದರಲ್ಲಿದೆ.

ಒಮ್ಮೆ ಹೋಗಿ ನೋಡಿ, ಇಷ್ಟು ಕೇಳಿ ಬನ್ನಿ

ರಾತ್ರಿ ಹೊತ್ತು ಯಾವ ಗೇಟು ತೆರೆದಿರುತ್ತದೆ, ಲೇಬರ್ ವಾರ್ಡ್ ಯಾವ ಮಹಡಿಯಲ್ಲಿದೆ ಎಂಬುದು ಸಣ್ಣ ವಿಷಯವಲ್ಲ. ಹಗಲಲ್ಲಿ ಒಮ್ಮೆ ಹೋಗಿ ನೋಡಿ. ಅರಿವಳಿಕೆ ಡಾಕ್ಟರು ರಾತ್ರಿಯೂ ಸಿಗುತ್ತಾರಾ? ರಕ್ತ ಬೇಕಾದರೆ ಎಲ್ಲಿಂದ ತರಬೇಕು? ಮಗುವಿಗೆ ತೊಂದರೆಯಾದರೆ ಇಲ್ಲೇ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆಯಾ, ಬೇರೆಡೆ ಕಳಿಸುತ್ತೀರಾ? ಹೆರಿಗೆ ಕೋಣೆಯೊಳಗೆ ಜೊತೆಗೆ ಯಾರನ್ನು ಬಿಡುತ್ತೀರಿ?

ಕೊನೆಯ ಪ್ರಶ್ನೆಯನ್ನು ಬಿಡದೆ ಕೇಳಿ. ಹೆರಿಗೆಯ ಹೊತ್ತಿನಲ್ಲಿ ಪರಿಚಿತರೊಬ್ಬರು ಜೊತೆಗಿದ್ದರೆ ಹೆಂಗಸು ಕಡಿಮೆ ಹೆದರುತ್ತಾಳೆ, ಸಹಜ ಹೆರಿಗೆಯಾಗುವ ಸಾಧ್ಯತೆಯೂ ಹೆಚ್ಚುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲೂ ಜೊತೆಗಾತಿಯೊಬ್ಬಳಿಗೆ ಅವಕಾಶ ಕೊಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಒಂದೇ ಕೋಣೆಯಲ್ಲಿ ಹಲವು ಹೆರಿಗೆ ಮಂಚಗಳಿರುವ ಕಡೆ ಗಂಡಸರನ್ನು ಬಿಡುವುದಿಲ್ಲ, ಅಮ್ಮನೋ ಅಕ್ಕನೋ ಅತ್ತಿಗೆಯೋ ಹೋಗಬಹುದು. ಖಾಸಗಿ ಆಸ್ಪತ್ರೆಗಳಲ್ಲಿ ಹಲವೆಡೆ ಗಂಡನಿಗೂ ಅವಕಾಶವಿದೆ. ಯಾರು ಬರಬೇಕೆಂದು ಗರ್ಭಿಣಿಯನ್ನೇ ಕೇಳಿ. ಮನೆಯ ಹಿರಿಯರಿಗೆ ಮರ್ಯಾದೆ ಸಲ್ಲಿಸುವ ಜಾಗ ಅದಲ್ಲ. ಯಾರ ಕೈ ಹಿಡಿದರೆ ಆಕೆಗೆ ಸಮಾಧಾನವೋ ಅವರೇ ಒಳಗೆ ಹೋಗಲಿ.

ಖಾಸಗಿ ಆಸ್ಪತ್ರೆಯಾದರೆ ಪ್ಯಾಕೇಜಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬರೆಸಿಕೊಳ್ಳಿ. ಮಕ್ಕಳ ಡಾಕ್ಟರ ಫೀಸು, ಔಷಧಿ, ನೋವು ತಡೆಯುವ ಎಪಿಡ್ಯೂರಲ್ ಇಂಜೆಕ್ಷನ್, ಎನ್‌ಐಸಿಯು ದಿನದ ಖರ್ಚು ಸಾಮಾನ್ಯವಾಗಿ ಹೊರಗಿರುತ್ತವೆ. ನಾರ್ಮಲ್ ಹೋಗಿ ಸಿಸೇರಿಯನ್ ಆದರೆ ಎಷ್ಟು ಎಂದೂ ಕೇಳಿ. ಇನ್ಶೂರೆನ್ಸ್ ಇದ್ದರೆ ಹೆರಿಗೆಗೆ ಕಾಯುವ ಅವಧಿ ಮುಗಿದಿದೆಯಾ ಎಂದು ಈಗಲೇ ನೋಡಿಕೊಳ್ಳಿ.

ಚೀಲದಲ್ಲಿ ಏನಿರಬೇಕು

36ನೇ ವಾರಕ್ಕೆ ಚೀಲ ಸಿದ್ಧವಿರಲಿ. ಕಾಗದಗಳು ಒಂದು ಕವರಿನಲ್ಲಿ: ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ಮತ್ತು ರಕ್ತದ ವರದಿಗಳು, ಗಂಡ-ಹೆಂಡತಿ ಇಬ್ಬರ ಆಧಾರ್, ರೇಷನ್ ಕಾರ್ಡ್, ತಾಯಿಯ ಹೆಸರಿನ ಬ್ಯಾಂಕ್ ಪಾಸ್‌ಬುಕ್‌ನ ಜೆರಾಕ್ಸ್.

ಮುಂದೆ ಗುಂಡಿ ಇರುವ ನೈಟಿ ಎರಡು ಮೂರು, ದೊಡ್ಡ ಪ್ಯಾಡುಗಳು, ಒಳ ಉಡುಪು, ಟವೆಲ್, ಚಪ್ಪಲಿ, ಬಿಸಿನೀರಿನ ಫ್ಲಾಸ್ಕ್, ಲೋಟ, ಚಾರ್ಜರ್. ಮಗುವಿಗೆ ಒಗೆದು ಬಿಸಿಲಲ್ಲಿ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಗಳು, ಟೋಪಿ, ಕಾಲುಚೀಲ. ಹಳೆಯ ಸೀರೆ ಹರಿದು ಹೊಲಿದ ಬಟ್ಟೆಯಷ್ಟು ಹಿತವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಹಾಲಿನ ಪುಡಿ, ಬಾಟಲಿ, ಜೇನುತುಪ್ಪ ಚೀಲದಲ್ಲಿ ಬೇಡ.

ಒಡವೆಯ ಮಾತು. ಆಪರೇಷನ್ ಥಿಯೇಟರಿಗೆ ಒಯ್ಯುವಾಗ ಸರ, ಓಲೆ, ಮೂಗುತಿ, ಕಾಲುಂಗುರ, ಬಳೆ ಎಲ್ಲ ತೆಗೆಸುತ್ತಾರೆ. ವರ್ಷಗಟ್ಟಲೆ ಬಿಗಿದ ಮೂಗುತಿ ಆ ಗಡಿಬಿಡಿಯಲ್ಲಿ ಬರುವುದಿಲ್ಲ, ಮೊದಲೇ ಸಡಿಲ ಮಾಡಿಸಿಡಿ. ಸೀಮಂತದ ಬಳೆ ತೆಗೆಯುವುದಕ್ಕೆ ಮನಸ್ಸು ಒಪ್ಪದಿದ್ದರೆ ಆಸ್ಪತ್ರೆಯವರನ್ನು ಮುಂಚೆಯೇ ಕೇಳಿ. ಉಗುರಿನ ಬಣ್ಣ ತೆಗೆದುಬಿಡಿ, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುವಾಗ ಅದು ಅಡ್ಡಿಯಾಗುತ್ತದೆ.

ಯಾವಾಗ ಹೊರಡಬೇಕು

ಡಾಕ್ಟರು ಬರೆದ ತಾರೀಕು ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಅದನ್ನು ಬರೆಯುತ್ತಾರೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಬಹಳ ಕಡಿಮೆ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ನೋವು ಬರಬಹುದು, ತಾರೀಕು ದಾಟಿತೆಂದು ಅಂದೇ ಗಾಬರಿಯಾಗಬೇಕಿಲ್ಲ. ಆದರೆ ತೋರಿಸಬೇಕು.

ಕೊನೆಯ ವಾರಗಳಲ್ಲಿ ಸುಳ್ಳು ನೋವು ಬಂದು ಹೋಗುವುದುಂಟು. ಹೊಟ್ಟೆ ಗಟ್ಟಿಯಾಗುತ್ತದೆ, ಸ್ವಲ್ಪ ಓಡಾಡಿದರೆ ಅಥವಾ ಮಲಗಿದರೆ ಇಳಿಯುತ್ತದೆ. ನಿಜವಾದ ಬೇನೆ ಸೊಂಟದಿಂದ ಶುರುವಾಗಿ ಹೊಟ್ಟೆಯ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ. ಹೋಗಿ ಮತ್ತೆ ಬರುತ್ತದೆ. ನಡುವಿನ ಬಿಡುವು ಕಡಿಮೆಯಾಗುತ್ತಾ, ನೋವು ಜೋರಾಗುತ್ತಾ ಹೋಗುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಐದೈದು ನಿಮಿಷಕ್ಕೊಮ್ಮೆ, ಒಂದೊಂದೂ ಸುಮಾರು ಒಂದು ನಿಮಿಷ ಇರುವ ನೋವು ಒಂದು ಗಂಟೆ ಬಿಡದೆ ಬಂದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ, ಎರಡನೇ ಹೆರಿಗೆಯಾಗಿದ್ದರೆ, ಅದಕ್ಕೂ ಮೊದಲೇ. ಲೋಳೆಯಂಥದ್ದು ಸ್ವಲ್ಪ ರಕ್ತದ ಎಳೆಯೊಂದಿಗೆ ಹೋದರೆ ಹೆದರಬೇಡಿ, ಹೊತ್ತು ಹತ್ತಿರ ಬಂತೆಂದು ಅರ್ಥ.

ಈ ಕೆಳಗಿನವಕ್ಕೆ ಮಾತ್ರ ನೋವು ಬರಲೆಂದು ಕಾಯಲೇಬೇಡಿ:

- ನೀರು ಹೋದರೆ (ಮಗುವಿನ ಸುತ್ತಲಿನ ನೀರಿನ ಚೀಲ ಒಡೆದರೆ), ನೋವಿಲ್ಲದಿದ್ದರೂ. ನೀರಿನ ಬಣ್ಣ ಹಸಿರಾಗಿದ್ದರೆ ಇನ್ನೂ ಬೇಗ ಹೋಗಬೇಕು, ಮಗು ಒಳಗೇ ಕಕ್ಕ ಮಾಡಿರಬಹುದು.
- ಮುಟ್ಟಿನಂತೆ ರಕ್ತ ಹೋದರೆ.
- ಮಗುವಿನ ಮಿಸುಕಾಟ ಕಡಿಮೆಯಾಗಿದೆ ಅನ್ನಿಸಿದರೆ. "ದಿನ ತುಂಬಿದಾಗ ಮಗು ಆಡೋದು ಕಡಿಮೆ ಆಗುತ್ತೆ" ಎಂಬ ಮಾತನ್ನು ನಂಬಿ ಬೆಳಗಿನವರೆಗೆ ಕಾಯಬೇಡಿ.
- ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ಎದೆಗುಂಡಿಗೆಯ ಕೆಳಗೆ ನೋವು. ಇವು ಬಿಪಿ ಏರಿದ ಗುರುತು, ಫಿಟ್ಸ್‌ಗೆ ತಿರುಗಬಹುದು.
- ಜ್ವರ.

108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. ಹಳ್ಳಿಯಲ್ಲಿರುವವರು ರಾತ್ರಿ ಸಿಗುವ ಇನ್ನೊಂದು ವಾಹನದವರ ನಂಬರನ್ನೂ ಬರೆದಿಟ್ಟುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ದಾರಿಯೇ ಕಟ್ಟಾಗುವ ಊರುಗಳಿವೆ. ಅಂಥಲ್ಲಿ ದಿನ ಹತ್ತಿರ ಬರುತ್ತಿದ್ದಂತೆ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದಿರುವುದು ಜಾಣತನ.

ದಾಖಲಾದ ಕೂಡಲೇ

ಬಿಪಿ, ನಾಡಿ, ಜ್ವರ ನೋಡುತ್ತಾರೆ. ಮೂತ್ರ ಮತ್ತು ರಕ್ತ ತೆಗೆದುಕೊಳ್ಳುತ್ತಾರೆ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ನೋಡಿ, ಎದೆಬಡಿತ ಕೇಳುತ್ತಾರೆ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿಯಾಗಿದೆ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ತೆಗೆಯುವ ಯಂತ್ರವೂ ಇರುತ್ತದೆ. ಕೈಗೆ ಸೂಜಿಯ ಕೊಳವೆ ಹಾಕಿಡುತ್ತಾರೆ, ತುರ್ತಾಗಿ ಔಷಧಿ ಕೊಡಬೇಕಾದರೆ ಇರಲಿ ಎಂದು.

ಆಮೇಲೆ ಒಳಪರೀಕ್ಷೆ. ಇದಕ್ಕೆ ಎಲ್ಲರೂ ಹೆದರುತ್ತಾರೆ. ಗ್ಲೌಸ್ ಹಾಕಿದ ಎರಡು ಬೆರಳಿನಿಂದ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ನೋಡುತ್ತಾರೆ. ಉಸಿರು ಹೊರಗೆ ಬಿಡುತ್ತಾ ಸೊಂಟ ಸಡಿಲ ಬಿಟ್ಟರೆ ನೋವು ಕಡಿಮೆ. ಬೇನೆ ಬಂದ ಹೊತ್ತಲ್ಲಿ ಮಾಡಹೊರಟರೆ "ಸಿಸ್ಟರ್, ಈ ನೋವು ಹೋಗಲಿ, ಆಮೇಲೆ ನೋಡಿ" ಎನ್ನಿ. ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ನೋಡಿದರೆ ಸಾಕು. ಬಂದ ಬಂದವರೆಲ್ಲ ನೋಡುತ್ತಿದ್ದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ, ಪರದೆ ಎಳೆಯಿರಿ ಎನ್ನುವ ಹಕ್ಕೂ ಇದೆ. ಬೋಧನಾ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಇರುತ್ತಾರೆ. ಅಲ್ಲೂ ನಿಮ್ಮ ಒಪ್ಪಿಗೆ ಕೇಳಬೇಕು.

ಎಲ್ಲರಿಗೂ ಎನಿಮಾ ಕೊಡುವುದು, ಕೂದಲು ಪೂರ್ತಿ ಬೋಳಿಸುವುದು ಹಳೆಯ ಪದ್ಧತಿಗಳು. ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ಬೇಡವೆನ್ನುತ್ತದೆ. ಕೆಲವೆಡೆ ಇನ್ನೂ ಉಳಿದಿವೆ.

ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ಓದಿ ಹಾಕಿ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ: ಮುಂದಿನ ಬಸಿರು ಬೇಗ ಆಗದಿರಲೆಂದು, ಮಾಸು ಬಿದ್ದ ಹತ್ತು ನಿಮಿಷದೊಳಗೇ ಗರ್ಭಕೋಶದೊಳಗೆ ವಂಕಿ (ಕಾಪರ್-ಟಿ) ಹಾಕುವ ವಿಧಾನವಿದೆ. ಒಳ್ಳೆಯ ಸಾಧನ ಅದು. ಆದರೆ ಬೇಕೋ ಬೇಡವೋ ಎಂಬುದನ್ನು ತಾಯಿ ನೋವು ಬರುವ ಮೊದಲೇ ತೀರ್ಮಾನಿಸಿರಬೇಕು, ಬೇನೆಯ ನಡುವೆ ಪಡೆದ ಸಹಿ ಒಪ್ಪಿಗೆಯಲ್ಲ.

ಬೇನೆಯ ಗಂಟೆಗಳು

ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆದುಕೊಳ್ಳಬೇಕು. ನರ್ಸುಗಳು "ಎರಡು ಬೆರಳು ಬಿಟ್ಟಿದೆ", "ಮೂರು ಬೆರಳು" ಅನ್ನುವುದು ಇದನ್ನೇ. ಮೊದಲ ಐದು ಸೆಂಟಿಮೀಟರು ಬಹಳ ನಿಧಾನ, ಇಡೀ ದಿನ ಹಿಡಿಯಬಹುದು. ಅಷ್ಟರಲ್ಲೇ ಆಸ್ಪತ್ರೆಗೆ ಬಂದು ಮಲಗಿದವರು "ಇನ್ನೂ ಏನೂ ಆಗಿಲ್ಲ" ಎಂಬ ಮಾತು ಕೇಳಿ ಕುಸಿಯುತ್ತಾರೆ. ಆಗುತ್ತಿರುತ್ತದೆ. ಐದು ದಾಟಿದ ಮೇಲೆ ವೇಗ ಹೆಚ್ಚುತ್ತದೆ. ಚೊಚ್ಚಲ ಹೆರಿಗೆಯಲ್ಲೂ ಅಲ್ಲಿಂದ ಮುಂದೆ ಸಾಮಾನ್ಯವಾಗಿ ಹನ್ನೆರಡು ಗಂಟೆ ದಾಟುವುದಿಲ್ಲ.

ಮಲಗಿಯೇ ಇರಬೇಕೆಂಬ ನಿಯಮವಿಲ್ಲ. ಬಿಪಿ, ಮಗುವಿನ ಬಡಿತ ಸರಿಯಿದ್ದರೆ ಓಡಾಡಿ, ಮಂಚ ಹಿಡಿದು ಮುಂದಕ್ಕೆ ಬಾಗಿ ನಿಲ್ಲಿ, ಎಡಮಗ್ಗುಲಿಗೆ ಒರಗಿ. ಗಂಜಿ, ಎಳನೀರು, ಮಜ್ಜಿಗೆ, ಬಿಸ್ಕತ್ತು ತೆಗೆದುಕೊಳ್ಳಬಹುದೇ ಎಂದು ಕೇಳಿ; ತೊಡಕಿಲ್ಲದ ಹೆರಿಗೆಯಲ್ಲಿ ಬಾಯಾರಿಕೊಂಡು ಇರಬೇಕಾಗಿಲ್ಲ. ಒಂದೆರಡು ಗಂಟೆಗೊಮ್ಮೆ ಮೂತ್ರ ಮಾಡಿ ಬನ್ನಿ.

ಜೊತೆಗಿರುವವರ ಕೆಲಸ ಇಲ್ಲಿದೆ. ನೋವು ಬಂದಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಉಸಿರನ್ನು ನಿಧಾನವಾಗಿ ಬಿಡಲು ಹೇಳುತ್ತಾ ನೀವೂ ಜೊತೆಗೆ ಬಿಡಿ. ಮುಖ ಒರೆಸಿ. "ಎಲ್ಲರೂ ಹೆತ್ತಿದಾರೆ, ನೀನೇನು ಹೊಸಬಳಾ" ಎಂಬ ಮಾತು ಬಾಯಿಂದ ಬರಬಾರದು. ಸಿಬ್ಬಂದಿ ಗದರಿದರೆ, ಕೈ ಮಾಡಿದರೆ, ನೀವು ಆಕೆಯ ಪರವಾಗಿ ಮಾತಾಡಬೇಕು. ಹೆರುವ ಹೆಣ್ಣನ್ನು ಬೈದು ಹೊಡೆದು ಹೆರಿಗೆ ಮಾಡಿಸುವುದು ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ. ಮರ್ಯಾದೆಯಿಂದ ನಡೆಸಿಕೊಳ್ಳುವುದು 2017ರಲ್ಲಿ ಶುರುವಾದ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವ ಕೇಂದ್ರದ 'ಲಕ್ಷ್ಯ' ಕಾರ್ಯಕ್ರಮದ ಗುರಿಗಳಲ್ಲೇ ಒಂದು.

ನೋವು ತಡೆಯಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಬೇಕೆಂದರೆ ಕೇಳಿ ಪಡೆಯಿರಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನೋವು ತಾನಾಗಿ ಬರದಿದ್ದರೆ, ದಿನ ಬಹಳ ದಾಟಿದ್ದರೆ, ನೀರು ಹೋಗಿಯೂ ಬೇನೆ ಬಾರದಿದ್ದರೆ ಜೆಲ್, ಮಾತ್ರೆ ಅಥವಾ ಡ್ರಿಪ್ ಮೂಲಕ ನೋವು ಬರಿಸುತ್ತಾರೆ. ಡ್ರಿಪ್ ಹಾಕಿದ ಮೇಲೆ ಮಗುವಿನ ಬಡಿತವನ್ನು ಹೆಚ್ಚು ನಿಗಾ ಇಟ್ಟು ನೋಡಬೇಕು. ಯಾಕೆ ಕೊಡುತ್ತಿದ್ದೀರಿ, ಇನ್ನಷ್ಟು ಕಾದರೆ ಏನಾಗುತ್ತದೆ ಎಂದು ಕೇಳಿ. ಒಳ್ಳೆಯ ಡಾಕ್ಟರು ಉತ್ತರಿಸುತ್ತಾರೆ.

ಬಾಯಿ ಪೂರ್ತಿ ತೆರೆದಾಗ ಮಲ ವಿಸರ್ಜನೆಗೆ ಬಂದಂತೆ ಒತ್ತಡ ಬರುತ್ತದೆ. ಆಗ ಸಿಸ್ಟರ್‌ಗೆ ಹೇಳಿ, ಒಬ್ಬರೇ ಶೌಚಾಲಯಕ್ಕೆ ಹೋಗಬೇಡಿ. ಅಲ್ಲಿಂದ ಮುಂದೆ ನೋವು ಬಂದಾಗ ಮುಕ್ಕಬೇಕು (ಮಗುವನ್ನು ಕೆಳಕ್ಕೆ ನೂಕಬೇಕು), ಹೋದಾಗ ಸುಮ್ಮನೆ ಸುಧಾರಿಸಿಕೊಳ್ಳಬೇಕು. ಈ ಹಂತ ಚೊಚ್ಚಲಿಗೆ ಮೂರು ಗಂಟೆಯವರೆಗೂ ಹೋಗಬಹುದು. ಮುಕ್ಕುವಾಗ ಮಲ ಹೋದರೆ ಸಂಕೋಚ ಬೇಡ, ಸಿಬ್ಬಂದಿಗೆ ಅದು ದಿನನಿತ್ಯದ್ದು. ತಲೆ ಕಾಣಿಸಿದಾಗ ಉರಿ ಅನ್ನಿಸುತ್ತದೆ. ಆಗ ಮುಕ್ಕುವುದನ್ನು ನಿಲ್ಲಿಸಿ ಸಣ್ಣ ಸಣ್ಣ ಉಸಿರು ಬಿಡಲು ಹೇಳುತ್ತಾರೆ, ನಿಧಾನ ಬಂದರೆ ಹರಿಯುವುದು ಕಡಿಮೆ. ದಾರಿ ಕೊಯ್ದು ಹೊಲಿಗೆ ಹಾಕುವುದು ಕೆಲವರಿಗೆ ಬೇಕಾಗುತ್ತದೆ, ಎಲ್ಲರಿಗೂ ಅಲ್ಲ. ಹೊಟ್ಟೆಯನ್ನು ಮೇಲಿನಿಂದ ಅದುಮಿ ಮಗುವನ್ನು ತಳ್ಳುವುದು ಸರಿಯಾದ ಕ್ರಮವಲ್ಲ.

ಮಗು ಹೊರಬಂದ ತಕ್ಷಣ ತಾಯಿಯ ತೊಡೆಗೆ ಒಂದು ಚುಚ್ಚುಮದ್ದು ಕೊಡುತ್ತಾರೆ. ಗರ್ಭಕೋಶ ಗಟ್ಟಿಯಾಗಿ ರಕ್ತಸ್ರಾವ ನಿಲ್ಲಲು ಅದು. ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುತ್ತದೆ.

ಸಿಸೇರಿಯನ್ ಎಂದರೆ

2019–21ರ ಅದೇ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4 ಹೆರಿಗೆಗಳು ಸಿಸೇರಿಯನ್, ಸರ್ಕಾರಿಯಲ್ಲಿ 14.3. ಕಷ್ಟದ ಕೇಸುಗಳು ಹೆಚ್ಚಾಗಿ ಹೋಗುವುದು ಸರ್ಕಾರಿ ದೊಡ್ಡಾಸ್ಪತ್ರೆಗಳಿಗೆ ಎಂಬುದನ್ನು ನೆನೆದರೆ ಈ ಅಂತರಕ್ಕೆ ವೈದ್ಯಕೀಯ ಕಾರಣವೊಂದೇ ಸಾಲದು. ಹಾಗಂತ ಪ್ರತಿ ಸಿಸೇರಿಯನ್ನನ್ನೂ ಅನುಮಾನಿಸುವುದೂ ಅಪಾಯ. ಮಗುವಿನ ಬಡಿತ ಕುಸಿಯುತ್ತಿದ್ದಾಗ ಹೊರಗೆ ನಿಂತ ನೆಂಟರು "ನಾರ್ಮಲ್ಲೇ ಮಾಡಿ" ಎಂದು ವಾದಿಸುತ್ತಾ ಕಳೆಯುವ ಹದಿನೈದು ನಿಮಿಷಕ್ಕೆ ಬೆಲೆ ಕಟ್ಟಲಾಗದು. ಇದು ಈಗಲೇ ಆಗಬೇಕಾ, ಕಾಯಲು ಸಮಯವಿದೆಯಾ ಎಂದು ಒಂದು ಪ್ರಶ್ನೆ ಕೇಳಿ. ಈಗಲೇ ಎಂದರೆ ಸಹಿ ಮಾಡಿ. ಮುಹೂರ್ತ ನೋಡಿ 39 ವಾರಕ್ಕೆ ಮೊದಲೇ ಮಗುವನ್ನು ತೆಗೆಸುವುದು ಮಾತ್ರ ಬೇಡವೇ ಬೇಡ. ಬೇಗ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು.

ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಎಚ್ಚರವಿರುತ್ತದೆ, ನೋವಿರುವುದಿಲ್ಲ, ಎಳೆದಂತೆ, ಅದುಮಿದಂತೆ ತಿಳಿಯುತ್ತದೆ. ಮಗು ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ, ಹೊಲಿದು ಮುಗಿಸಲು ಮುಕ್ಕಾಲು ಗಂಟೆ ಒಂದು ಗಂಟೆ. ನಡುಕ ಬರಬಹುದು, ಅದು ಔಷಧಿಯ ಪರಿಣಾಮ. ಮೂತ್ರಕ್ಕೆ ನಳಿಕೆ ಹಾಕಿರುತ್ತಾರೆ, ಮರುದಿನದೊಳಗೆ ತೆಗೆಯುತ್ತಾರೆ. ಮರುದಿನ ಎಬ್ಬಿಸಿ ನಡೆಸುತ್ತಾರೆ. ನೋವಾಗುತ್ತದೆ, ಆದರೂ ನಡೆಯಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದೇ ಮದ್ದು. ಬೆನ್ನಿನ ಇಂಜೆಕ್ಷನ್‌ನಿಂದ ಜೀವನಪೂರ್ತಿ ಬೆನ್ನುನೋವು ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಕೂಸನ್ನು ಎತ್ತಿ, ಬಾಗಿ ಕೂತು ಹಾಲು ಕೊಡುವ ಭಂಗಿಯಿಂದ ಬೆನ್ನು ನೋಯುವುದೇ ಹೆಚ್ಚು. ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಅದೇ ಎಂಬುದೂ ಎಲ್ಲರಿಗೂ ನಿಜವಲ್ಲ.

ಮೊದಲ ಗಂಟೆ, ಮೊದಲ ಎರಡು ದಿನ

ಮಗು ಅತ್ತು ಉಸಿರಾಡುತ್ತಿದ್ದರೆ ಒರೆಸಿ ನೇರವಾಗಿ ತಾಯಿಯ ಎದೆಯ ಮೇಲೆ, ಬರಿಮೈಗೆ ಬರಿಮೈ ತಾಗುವಂತೆ ಮಲಗಿಸಬೇಕು. ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿದರೆ ಮಗುವಿಗೆ ರಕ್ತ ಹೆಚ್ಚು ಸೇರುತ್ತದೆ. ಒಂದು ಗಂಟೆಯೊಳಗೆ ಮೊಲೆಗೆ ಹಾಕಬೇಕು, ಸಿಸೇರಿಯನ್ ಆಗಿದ್ದರೂ ಆದಷ್ಟು ಬೇಗ. ಮೊದಲು ಬರುವ ಹಳದಿ ಹಾಲು ಚಮಚದ ಲೆಕ್ಕದಲ್ಲೇ ಇರುತ್ತದೆ, ಮಗುವಿನ ಹೊಟ್ಟೆಗೂ ಅಷ್ಟೇ ಸಾಕು. ಅದನ್ನು ಹಿಂಡಿ ಚೆಲ್ಲಬೇಡಿ. ಇದೇ ಹೊತ್ತಲ್ಲಿ ಅಜ್ಜಿಯಂದಿರು ಜೇನುತುಪ್ಪ, ಸಕ್ಕರೆ ನೀರು, ಬಜೆ ಹಿಡಿದು ಬರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ; ಆದರೂ ಬೇಡವೆನ್ನಬೇಕು, ಮತ್ತು ಬೇಡವೆನ್ನುವ ಕೆಲಸ ಗಂಡನದಾಗಲಿ. ಬಾಣಂತಿಯೇ ಹೇಳಿದರೆ ಅದು ಎದುರುತ್ತರ ಅನ್ನಿಸಿಕೊಳ್ಳುತ್ತದೆ.

ಹೆರಿಗೆಯ ನಂತರದ ಎರಡು ಗಂಟೆ ತಾಯಿಯನ್ನು ಹತ್ತಿರದಿಂದ ನೋಡಬೇಕು. ಎಲ್ಲರೂ ಮಗುವಿನ ಸುತ್ತ ನಿಂತಿರುವಾಗ ತಾಯಿಯ ರಕ್ತಸ್ರಾವವನ್ನು ಗಮನಿಸುವವರು ಇಲ್ಲದಂತಾಗಬಾರದು. ಪ್ಯಾಡ್ ಬೇಗ ಬೇಗ ತೊಯ್ಯುತ್ತಿದ್ದರೆ, ತಲೆ ಸುತ್ತಿದರೆ, ಮೈ ತಣ್ಣಗಾದರೆ ಕೂಡಲೇ ಕೂಗಿ ಕರೆಯಿರಿ.

ಮಗುವಿಗೆ ವಿಟಮಿನ್ ಕೆ ಚುಚ್ಚುಮದ್ದು, ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಆಗುತ್ತದೆ. ಮೊದಲ ದಿನ ಸ್ನಾನ ಬೇಡ. ಕೈಕಾಲಿಗೆ ತಾಯಿಯ ಹೆಸರಿನ ಪಟ್ಟಿ ಕಟ್ಟುತ್ತಾರೆ, ಓದಿ ನೋಡಿ. ಮಗುವನ್ನು ಪರೀಕ್ಷೆಗೆಂದು ಯಾರೇ ಕೇಳಿದರೂ ಮನೆಯವರೊಬ್ಬರು ಜೊತೆಗೇ ಹೋಗಬೇಕು. ಮಗು ಎನ್‌ಐಸಿಯುಗೆ ಹೋದರೆ ತಾಯಿ ಹಾಲು ಹಿಂಡಿ ಕಳಿಸಬಹುದು. ತೂಕ ಕಡಿಮೆಯಿರುವ ಮಗುವನ್ನು ಎದೆಗವಚಿಕೊಳ್ಳುವ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು.

ಮೊದಲ ವಾರದಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಮರಳುತ್ತದೆ. ಎರಡು ಮೂರನೇ ದಿನ ಹಳದಿಯಾಗುವುದೂ ಬಹಳ ಮಕ್ಕಳಲ್ಲಿ ಸಹಜ. ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ ಅಥವಾ ಅಂಗಾಲಿನವರೆಗೂ ಹಬ್ಬಿದರೆ ತೋರಿಸಬೇಕು.

ದುಡ್ಡಿನ ಮಾತು

2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲ ಉಚಿತ. ನಾರ್ಮಲ್ ಆದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನದವರೆಗೆ ಊಟವೂ ಉಚಿತ. ಬಾಣಂತಿ ಮತ್ತು ಮಗುವನ್ನು ಮನೆಗೆ ಬಿಟ್ಟುಬರಲು 'ನಗು-ಮಗು' ವಾಹನವಿದೆ, ಡಿಸ್ಚಾರ್ಜ್ ದಿನ ಕೇಳಿ. ಜನನಿ ಸುರಕ್ಷಾ ಯೋಜನೆಯಡಿ ಬಿಪಿಎಲ್ ಹಾಗೂ ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ ಖಾತೆಗೆ ಬರುತ್ತದೆ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಕಂತುಗಳಲ್ಲಿ ಬರುತ್ತದೆ, ಅದಕ್ಕೆ ಅಂಗನವಾಡಿಯಲ್ಲಿ ವಿಚಾರಿಸಿ.

ಆದರೂ ಮಗು ಎತ್ತಿಕೊಂಡು ಬಂದು "ಖುಷಿಗೆ ಕೊಡಿ" ಎಂದು ಕೈ ಚಾಚುವುದು, ಗಂಡಾದರೆ ಇಷ್ಟು ಹೆಣ್ಣಾದರೆ ಇಷ್ಟು ಎಂದು ದರ ಹೇಳುವುದು ನಮ್ಮಲ್ಲಿ ಇನ್ನೂ ಇದೆ. ಇದು ಬಡವರ ಮೇಲಿನ ಸುಲಿಗೆ. ಕೊಡಬೇಕಾಗಿಲ್ಲ. 104 ಆರೋಗ್ಯ ಸಹಾಯವಾಣಿಗೆ ಅಥವಾ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ದೂರು ಕೊಡಿ.

ಡಿಸ್ಚಾರ್ಜ್ ಮತ್ತು ಮನೆ

ನಾರ್ಮಲ್ ಆದರೂ 48 ಗಂಟೆ ಆಸ್ಪತ್ರೆಯಲ್ಲಿರಿ, "ಒಳ್ಳೆ ದಿನ ಇದೆ" ಎಂದು ಬೇಗ ಹೊರಡಬೇಡಿ. ಡಿಸ್ಚಾರ್ಜ್ ಸಾರಾಂಶ, ಲಸಿಕೆಯ ದಾಖಲೆ, ತುಂಬಿಸಿದ ತಾಯಿ ಕಾರ್ಡ್ ಪಡೆಯಿರಿ. ಜನನದ ವರದಿಯನ್ನು ಆಸ್ಪತ್ರೆಯೇ ಕಳಿಸುತ್ತದೆ. ಅದರಲ್ಲಿ ಅಪ್ಪ-ಅಮ್ಮನ ಹೆಸರು ಆಧಾರ್‌ನಲ್ಲಿರುವಂತೆಯೇ ಅಕ್ಷರಕ್ಕಕ್ಷರ ಇದೆಯಾ ಎಂದು ನೋಡಿಯೇ ಸಹಿ ಮಾಡಿ. 21 ದಿನದೊಳಗಿನ ನೋಂದಣಿಗೆ ಶುಲ್ಕವಿಲ್ಲ. ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಂದು ಮಗುವನ್ನು ನೋಡಲು ಬರಬೇಕು. ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯವನ್ನು ಬಿಡಿ, ಹಾಲು ಬರಲು ನೀರು ಬೇಕು, ಮಲಬದ್ಧತೆಗೂ ಅದೇ ಪರಿಹಾರ. ಸೊಪ್ಪು, ಬೇಳೆ, ಮೊಟ್ಟೆ ಎಲ್ಲ ತಿನ್ನಲಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಬೆಚ್ಚಗಿರಲೆಂದು ಇಟ್ಟ ಕೆಂಡದಿಂದ ಹೊಮ್ಮುವ ವಿಷಾನಿಲಕ್ಕೆ ವಾಸನೆಯಿಲ್ಲ, ಅದು ತಾಯಿ ಮಗು ಇಬ್ಬರ ಜೀವವನ್ನೂ ತೆಗೆಯಬಲ್ಲದು. ಹೊಕ್ಕುಳಿಗೆ ಏನನ್ನೂ ಹಚ್ಚಬೇಡಿ, ಕಣ್ಣಿಗೆ ಕಾಡಿಗೆ ಬೇಡ.

ಜ್ವರ, ವಾಸನೆಯ ಸ್ರಾವ, ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಹೊಲಿಗೆಯಲ್ಲಿ ಕೀವು, ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರು ಕಟ್ಟುವುದು, ತೀವ್ರ ತಲೆನೋವು: ಇವಾದರೆ ಬಾಣಂತನದ ಹೊಸ್ತಿಲು ದಾಟಬಾರದೆಂದು ಕೂರದೆ ಆಸ್ಪತ್ರೆಗೆ ಹೋಗಿ. ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಎದೆಗೂಡು ಒಳಸೆಳೆದು ಉಸಿರಾಡಿದರೆ ಅಂದೇ ಹೋಗಬೇಕು.

ಮೂರು ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರಿಗೆ ಆಗುತ್ತದೆ, ಕೆಲ ದಿನಗಳಲ್ಲಿ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದಿದ್ದರೆ, ಮಗುವಿನ ಮೇಲೆ ಮನಸ್ಸೇ ಬರುತ್ತಿಲ್ಲ ಎಂದರೆ, ನಿದ್ದೆಯೇ ಇಲ್ಲದೆ ಇಲ್ಲದ್ದು ಕೇಳಿಸುತ್ತಿದೆ ಎಂದರೆ ಅದು ಗಾಳಿ ಸೋಕಿದ್ದಲ್ಲ, ಸೊಕ್ಕೂ ಅಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಜೀವ ತೆಗೆದುಕೊಳ್ಳುವ ಅಥವಾ ಮಗುವಿಗೆ ಏನಾದರೂ ಮಾಡುವ ಮಾತು ಬಂದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ.